ಯಾವ ನೀಲಿ, ಯಾವ ಬೆರಳಿಗೆ?

ಹೋದ ಸಂಚಿಕೆಯಲ್ಲಿ ನೀಲಿ ಹರಳಿನ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ, ‘ನೀಲಿ ಬೇಕು ಅಂದರೆ ನೀಲವೇ ಆಗಬೇಕಿಲ್ಲ’ ಅಂತ. (ನೀಲ ಅಂದರೆ ಇಂಗ್ಲಿಷಿನವರ ಸಫೈರ್.) ಅಷ್ಟಕ್ಕೇ ಪತ್ರಗಳ ರಾಶಿ ಬಂದಿದೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಆದ್ದರಿಂದ ಯಾರ ಹೆಸರೂ ಇಲ್ಲ. ಬೆಲೆ ಎಷ್ಟು ಅಂತ ಕೇಳಿದವರು ಬೇಸರ ಮಾಡಿಕೊಳ್ಳಬೇಡಿ, ಬೆಲೆ ಬರೆಯುವುದಿಲ್ಲ. ಒಂದೇ ಹೆಸರಿನ, ಒಂದೇ ತೂಕದ ಎರಡು ಹರಳುಗಳ ಬೆಲೆಯಲ್ಲಿ ಅಜಗಜಾಂತರ ಇರುತ್ತದೆ. ನಾನು ಒಂದು ಅಂಕಿ ಬರೆದು, ನೀವು ಅದನ್ನು ಹಿಡಿದುಕೊಂಡು ಅಂಗಡಿಗೆ ಹೋಗಿ ಜಗಳ ಆಡುವುದು ಬೇಡ.

ಪ್ರಶ್ನೆ: ಮದುವೆಯ ಹತ್ತನೇ ವರ್ಷಕ್ಕೆ ಹೆಂಡತಿಗೆ ನೀಲಿ ಹರಳಿನ ಉಂಗುರ ಮಾಡಿಸಬೇಕು ಅಂತಿದ್ದೇನೆ. ಅಂಗಡಿಯವರು ನೀಲ, ಟಾಂಜನೈಟ್, ಲಂಡನ್ ಬ್ಲೂ ಟೋಪಾಜ್ ಮೂರನ್ನೂ ಒಂದೇ ತಟ್ಟೆಯಲ್ಲಿಟ್ಟು ತೋರಿಸಿದರು. ನನ್ನ ಕಣ್ಣಿಗೆ ಟಾಂಜನೈಟೇ ಚೆನ್ನಾಗಿ ಕಂಡಿತು. ಅವಳು ಒಮ್ಮೆ ಹಾಕಿದ ಉಂಗುರ ತೆಗೆಯುವವಳಲ್ಲ, ಪಾತ್ರೆ ತೊಳೆಯುವಾಗಲೂ ಕೈಯಲ್ಲೇ ಇರುತ್ತದೆ. ತೆಗೆದುಕೊಳ್ಳಲೇ?

ಬೇಡ.

ನಿಮ್ಮ ಕಣ್ಣು ತಪ್ಪಲ್ಲ. ಆ ತಟ್ಟೆಯಲ್ಲಿ ಟಾಂಜನೈಟ್ ಚೆನ್ನಾಗಿಯೇ ಕಂಡಿರುತ್ತದೆ, ನೀಲಿಯೊಳಗೆ ನೇರಳೆ ಇಣುಕುವ ಆ ಬಣ್ಣಕ್ಕೆ ಮರುಳಾಗದವರು ಕಡಿಮೆ. ಆದರೆ ‘ತೆಗೆಯುವವಳಲ್ಲ’ ಅಂತ ನೀವೇ ಬರೆದಿದ್ದೀರಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಹರಳು ಆರಿಸುವಾಗ ಎಲ್ಲರೂ ಬಣ್ಣದಿಂದ ಶುರು ಮಾಡುತ್ತಾರೆ. ನಾನು ಹೇಳುವುದು ಉಲ್ಟಾ. ಅದು ಮೈಮೇಲೆ ಎಲ್ಲಿ ಕೂರುತ್ತದೆ ಅನ್ನುವುದು ಮೊದಲು, ಬಣ್ಣ ಆಮೇಲೆ.

ಕಲ್ಲುಗಳ ಗಡಸುತನಕ್ಕೆ ಮೋಸ್ ಅಳತೆ ಅಂತ ಒಂದಿದೆ. ಫ್ರೆಡರಿಕ್ ಮೋಸ್ 1812ರಲ್ಲಿ ಮಾಡಿದ್ದು, 1ರಿಂದ 10ರವರೆಗೆ. ಯಾವುದು ಯಾವುದನ್ನು ಗೀರುತ್ತದೆ ಅನ್ನುವುದಷ್ಟೇ ಅದರ ಲೆಕ್ಕ. ವಜ್ರ 10, ನೀಲ 9, ಟೋಪಾಜ್ 8. ಟಾಂಜನೈಟ್ 6ರಿಂದ 7ರ ಒಳಗೆ. ಈಗ ಮನೆಯ ಧೂಳಿನ ವಿಷಯಕ್ಕೆ ಬನ್ನಿ. ಧೂಳಿನಲ್ಲಿ ಸ್ಫಟಿಕದ, ಅಂದರೆ ಮರಳಿನ, ಪುಡಿ ಇದ್ದೇ ಇರುತ್ತದೆ. ಅದರ ಗಡಸುತನ 7. ಉಂಗುರದ ಮೇಲೆ ಕೂತ ಧೂಳನ್ನು ಸೆರಗಿನಿಂದ ಒರೆಸಿದರೂ ಸಾಕು, 7ಕ್ಕಿಂತ ಮೆತ್ತಗಿನ ಹರಳಿಗೆ ಕಣ್ಣಿಗೆ ಕಾಣದ ಗೀರು ಬೀಳುತ್ತದೆ. ಒಂದು ದಿನಕ್ಕೆ ಏನೂ ಗೊತ್ತಾಗುವುದಿಲ್ಲ. ಎರಡು ಮೂರು ವರ್ಷ ಆದ ಮೇಲೆ, ‘ಯಾಕೋ ಮೊದಲಿನ ಹೊಳಪಿಲ್ಲ’ ಅಂತ ಅನ್ನಿಸಲು ಶುರುವಾಗುತ್ತದೆ. ನೀಲಕ್ಕೆ ಆ ಕಾಟವಿಲ್ಲ.

ಗೀರು ಒಂದು ಕಥೆ, ಒಡೆಯುವುದು ಇನ್ನೊಂದು. ಎರಡನ್ನೂ ಜನ ಬೆರೆಸಿಬಿಡುತ್ತಾರೆ. ಕೆಲವು ಹರಳುಗಳಿಗೆ ಸೌದೆಗೆ ಇರುವ ಹಾಗೆ ಸೀಳುವ ದಿಕ್ಕು ಇರುತ್ತದೆ, ಆ ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ನೀಟಾಗಿ ಎರಡು ಹೋಳು. ಟಾಂಜನೈಟಿಗೆ ಅಂಥದ್ದೊಂದು ದಿಕ್ಕಿದೆ. ಟೋಪಾಜಿಗೂ ಇದೆ, 8 ಇದ್ದರೂ. ನೀಲಕ್ಕೆ ಇಲ್ಲ.

ನಾನು ಹರಳು ಕೂರಿಸುವ ಕೆಲಸ ಮಾಡುತ್ತಿದ್ದ ಕಾಲದ ಒಂದು ಸಂಗತಿ ಹೇಳಿಬಿಡುತ್ತೇನೆ, ಹೇಳಲು ನಾಚಿಕೆಯೇ. ಒಬ್ಬರು ಟಾಂಜನೈಟ್ ಉಂಗುರ ತಂದು, ಕೊಳೆಯಾಗಿದೆ ತೊಳೆದು ಕೊಡಿ ಅಂದರು. ಹರಳನ್ನು ಸರಿಯಾಗಿ ನೋಡದೆ, ನೀಲಿ ಇದೆ, ನೀಲ ಇರಬೇಕು ಅಂತ ಅಲ್ಟ್ರಾಸಾನಿಕ್ ತೊಟ್ಟಿಗೆ ಹಾಕಿಬಿಟ್ಟೆ. ಬಿಸಿ ನೀರು, ಜೊತೆಗೆ ಗುಂಯ್ ಅನ್ನುವ ಕಂಪನ. ಎರಡು ನಿಮಿಷ ಆಗಿರಬೇಕು. ಎತ್ತಿ ಬೆಳಕಿಗೆ ಹಿಡಿದರೆ ಹರಳಿನ ಹೊಟ್ಟೆಯಲ್ಲಿ ಅಡ್ಡಕ್ಕೆ ಒಂದು ಹಾಳೆಯಂಥ ಬಿರುಕು, ತಿರುಗಿಸಿದರೆ ಅದರಲ್ಲಿ ಕಾಮನಬಿಲ್ಲಿನ ಬಣ್ಣ. ಅವರು ಹೊರಗೆ ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಬಾಗಿಲು ತೆಗೆದು ಅವರ ಮುಂದೆ ಹೋಗಿ ನಿಲ್ಲುವಷ್ಟರಲ್ಲಿ ನನ್ನ ಬಾಯಿ ಒಣಗಿತ್ತು. ಆಮೇಲೆ ಅದಕ್ಕೆ ಬದಲಿ ಹರಳು ಹುಡುಕಿ ಕೊಟ್ಟಿದ್ದು ಬೇರೆ ಮಾತು. ಅವತ್ತಿನಿಂದ ಯಾವ ನೀಲಿ ಹರಳನ್ನೂ ಮೊದಲು ಲೂಪ್, ಅಂದರೆ ಅಕ್ಕಸಾಲಿಗರ ಪುಟ್ಟ ಭೂತಗನ್ನಡಿ, ಹಿಡಿದು ನೋಡದೆ ನೀರಿಗೆ ಇಳಿಸಿಲ್ಲ.

ಆದ್ದರಿಂದ ನಿಮ್ಮ ಮೂರರಲ್ಲಿ ನೀಲ. ಅದು ಕೈಗೆಟುಕದಿದ್ದರೆ ಟೋಪಾಜ್, ಆದರೆ ನಾಲ್ಕು ಕೊಕ್ಕೆಗಳ ಮೇಲೆ ಎತ್ತರಕ್ಕೆ ನಿಲ್ಲಿಸಬೇಡಿ, ಸುತ್ತ ಚಿನ್ನದ ಪಟ್ಟಿ ಕಟ್ಟಿ ತಗ್ಗಾಗಿ ಕೂರಿಸಲು ಹೇಳಿ. ಟಾಂಜನೈಟನ್ನು ಬಿಡಲು ಮನಸ್ಸೇ ಬರದಿದ್ದರೆ ಓಲೆ ಮಾಡಿಸಿ. ಕಿವಿ ಪಾತ್ರೆ ತೊಳೆಯುವುದಿಲ್ಲ.

ಪ್ರಶ್ನೆ: ನಾನು ಕೊಳ್ಳಬೇಕು ಅಂತಿರುವ ನೀಲದ ಸರ್ಟಿಫಿಕೇಟಿನಲ್ಲಿ ‘ಬಿಸಿ ಮಾಡಿರುವ ಲಕ್ಷಣ ಇದೆ’ ಅಂತ ಬರೆದಿದೆ. ಅಂದರೆ ಅಸಲಿ ಅಲ್ಲವೇ? ಅಂಗಡಿಯವರು ‘ಎಲ್ಲವನ್ನೂ ಹಾಗೇ ಮಾಡುತ್ತಾರೆ’ ಅಂತ ನಗುತ್ತಾರೆ. ನನಗೆ ನಗು ಬರುತ್ತಿಲ್ಲ.

ಈ ಸಲ ಅಂಗಡಿಯವರ ಮಾತು ಬಹುಪಾಲು ನಿಜ. ಹರಳು ಅಸಲಿಯೇ, ನೆಲದಿಂದ ಬಂದದ್ದೇ. ಬಣ್ಣ ಮಾತ್ರ ಒಲೆಯಲ್ಲಿ ಪೂರ್ತಿಯಾಗಿದೆ.

ಕಥೆ ಹೀಗೆ. ನೀಲ ಅಂದರೆ ಕುರುಂದ ಅನ್ನುವ ಖನಿಜ, ಅಲ್ಯೂಮಿನಿಯಂ ಆಕ್ಸೈಡ್. ಶುದ್ಧವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ. ಒಳಗೆ ಒಂದಿಷ್ಟು ಕಬ್ಬಿಣ, ಒಂದಿಷ್ಟು ಟೈಟಾನಿಯಂ ಅಕ್ಕಪಕ್ಕ ಸೇರಿದರೆ ನೀಲಿ. (ಕ್ರೋಮಿಯಂ ಸೇರಿದರೆ ಅದೇ ಕಲ್ಲು ಮಾಣಿಕ್ಯ. ಒಂದೇ ತಾಯಿಯ ಮಕ್ಕಳು.) ಶ್ರೀಲಂಕಾದಲ್ಲಿ ಗೇವುಡ ಅಂತ ಕರೆಯುವ, ಹಾಲು ಬೆರೆಸಿದಂತೆ ಮಬ್ಬಾದ ಕುರುಂದದ ಕಲ್ಲುಗಳು ರಾಶಿ ರಾಶಿ ಸಿಗುತ್ತಿದ್ದವು, ಅವುಗಳಿಗೆ ಬೆಲೆಯೇ ಇರಲಿಲ್ಲ. 1970ರ ದಶಕದಲ್ಲಿ ಥಾಯ್ಲೆಂಡಿನ ವ್ಯಾಪಾರಿಗಳು ಅವನ್ನು ಕೊಂಡು 1500 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿದರು. ಮಬ್ಬಿಗೆ ಕಾರಣವಾಗಿದ್ದ ಸೂಕ್ಷ್ಮ ಸೂಜಿಗಳು ಟೈಟಾನಿಯಂನವು. ಅವು ಕರಗಿ ಕಲ್ಲಿನೊಳಗೆ ಸೇರಿದವು, ಕಬ್ಬಿಣದ ಜೊತೆ ಕೂಡಿ ನೀಲಿಯಾದವು. ಮಬ್ಬೂ ಹೋಯಿತು, ಬಣ್ಣವೂ ಬಂತು. ಇವತ್ತು ಮಾರುಕಟ್ಟೆಯಲ್ಲಿರುವ ನೀಲಗಳಲ್ಲಿ ಹೆಚ್ಚಿನವು ಕಾಯಿಸಿದವೇ. ಆ ಬಣ್ಣ ಮಾಸುವುದಿಲ್ಲ. ಕಾಯಿಸದ ಒಳ್ಳೆಯ ನೀಲಿ ಅಪರೂಪ, ಅದಕ್ಕೇ ಬೆಲೆ ಜಾಸ್ತಿ. ನಿಮಗೆ ಅಪರೂಪ ಬೇಕೋ ಬಣ್ಣ ಬೇಕೋ, ನೀವೇ ಹೇಳಬೇಕು.

ಆದರೆ ಆ ನಗುವಿನ ಹಿಂದೆ ಬೇರೆ ಎರಡು ವಿಷಯ ಅಡಗಿದ್ದರೆ ಹುಷಾರಾಗಿರಿ. ಒಂದು, ಡಿಫ್ಯೂಷನ್. ಬಣ್ಣವಿಲ್ಲದ ಕುರುಂದವನ್ನು ಟೈಟಾನಿಯಂ ಪುಡಿಯಲ್ಲಿ ಹುದುಗಿಸಿ ಕಾಯಿಸುತ್ತಾರೆ, ನೀಲಿ ಮೇಲ್ಮೈಗೆ ಮಾತ್ರ ಇಳಿಯುತ್ತದೆ. ಅಂಥ ಹರಳಿಗೆ ಪೆಟ್ಟು ಬಿದ್ದು ಮತ್ತೆ ಸಾಣೆ ಹಿಡಿಸಿದಿರೋ, ಬಣ್ಣ ಪುಡಿಯ ಜೊತೆ ಹೋಗುತ್ತದೆ. ಎರಡು, ಗಾಜು ತುಂಬುವುದು. ಬಿರುಕುಗಳಿಂದ ತುಂಬಿದ ಕಳಪೆ ಕಲ್ಲಿಗೆ ಕೋಬಾಲ್ಟ್ ಬೆರೆಸಿದ ನೀಲಿ ಗಾಜನ್ನು ತುಂಬಿರುತ್ತಾರೆ. ನೋಡಲು ಭಾರಿ ನೀಲ. ಉಂಗುರದ ಅಳತೆ ಬದಲಾಯಿಸಲು ಅಕ್ಕಸಾಲಿಗರು ಬೆಂಕಿ ತಾಗಿಸಿದ ದಿನ, ಇಲ್ಲವೇ ಆಸಿಡ್ಡಿನಲ್ಲಿ ಅದ್ದಿದ ದಿನ ಗುಟ್ಟು ರಟ್ಟಾಗುತ್ತದೆ. ಇವೆರಡನ್ನೂ ‘ಟ್ರೀಟ್‌ಮೆಂಟ್’ ಅನ್ನುವ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆದ್ದರಿಂದ ಟ್ರೀಟ್‌ಮೆಂಟ್ ಇದೆಯಾ ಅಂತ ಕೇಳಬೇಡಿ. ಯಾವ ಟ್ರೀಟ್‌ಮೆಂಟ್ ಅಂತ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ.

ನಿಮ್ಮ ಸರ್ಟಿಫಿಕೇಟಿನಲ್ಲಿ ಬರೀ ಬಿಸಿಯ ಮಾತಿದ್ದರೆ, ನೀವೂ ಒಂಚೂರು ನಗಬಹುದು.

ಪ್ರಶ್ನೆ: ಲಂಡನ್ ಬ್ಲೂ ಟೋಪಾಜಿಗೆ ಅಣುವಿಕಿರಣ ಕೊಟ್ಟಿರುತ್ತಾರಂತೆ. ಮೈಮೇಲೆ ಹಾಕಿಕೊಳ್ಳಬಹುದೇ?

ಹಾಕಿಕೊಳ್ಳಬಹುದು. ಸಹಜವಾಗಿ ನೀಲಿಯಾದ ಟೋಪಾಜ್ ಇದೆ, ಆದರೆ ಬಹಳ ತೆಳು, ಬಹಳ ಕಡಿಮೆ. ನೀವು ಅಂಗಡಿಯಲ್ಲಿ ನೋಡುವ ಸ್ಕೈ, ಸ್ವಿಸ್, ಲಂಡನ್ ಅನ್ನುವ ಹೆಸರಿನವೆಲ್ಲ ಬಣ್ಣವಿಲ್ಲದ ಟೋಪಾಜಿಗೆ ವಿಕಿರಣ ಹಾಯಿಸಿ ಮಾಡಿದ ನೀಲಿಗಳು. ಲಂಡನ್ ಬ್ಲೂನ ಗಾಢ ಬಣ್ಣಕ್ಕೆ ರಿಯಾಕ್ಟರಿನ ನ್ಯೂಟ್ರಾನ್ ಬೇಕು. ಹಾಗೆ ಮಾಡಿದ ಹರಳಿನಲ್ಲಿ ಸ್ವಲ್ಪ ವಿಕಿರಣ ಉಳಿಯುವುದು ನಿಜ, ಅದಕ್ಕೇ ಅದು ಸುರಕ್ಷಿತ ಮಟ್ಟಕ್ಕೆ ಇಳಿಯುವವರೆಗೆ ತಿಂಗಳುಗಟ್ಟಲೆ ಹಾಗೇ ಇಟ್ಟು ಅಳತೆ ಮಾಡಿ ಆಮೇಲೆ ಮಾರಾಟಕ್ಕೆ ಬಿಡುವ ನಿಯಮ ಇದೆ. ಬಣ್ಣ ಗಟ್ಟಿ, ಮಾಸುವುದಿಲ್ಲ.

ಪ್ರಶ್ನೆ: ಅಂಗಡಿಯಲ್ಲಿ ನೋಡಿದಾಗ ಆಕಾಶದಷ್ಟು ನೀಲಿ. ಮನೆಗೆ ತಂದು ರಾತ್ರಿ ನೋಡಿದರೆ ಕಪ್ಪು ಗುಂಡಿಯ ಹಾಗೆ ಕಾಣುತ್ತಿದೆ. ಹರಳನ್ನೇ ಬದಲಾಯಿಸಿಬಿಟ್ಟರೇ ಅಂತ ಅನುಮಾನ.

ಹರಳು ಅದೇ ಇರಬೇಕು. ಬದಲಾದದ್ದು ಬೆಳಕು.

ಅಂಗಡಿಯವರ ತಲೆಯ ಮೇಲಿನ ದೀಪಗಳನ್ನು ಎಂದಾದರೂ ಎಣಿಸಿದ್ದೀರಾ? ಹಾಲಿನಂಥ ಬಿಳಿ, ನೀಲಿಗೆ ವಾಲಿದ ಎಲ್‌ಇಡಿಗಳು ಸಾಲಾಗಿ ನೇರವಾಗಿ ತಟ್ಟೆಯ ಮೇಲೆ ಬೀಳುತ್ತವೆ. ಆ ಬೆಳಕಿನಲ್ಲಿ ಗಾಢ ನೀಲಿಯೂ ಜೀವ ತುಂಬಿದ ಹಾಗೆ ಕಾಣುತ್ತದೆ. ಮನೆಯ ಹಳದಿ ದೀಪದಲ್ಲಿ ನೀಲಿ ಅಂಶವೇ ಕಡಿಮೆ, ಹರಳು ವಾಪಸ್ ಕೊಡಲು ಏನಿದೆ? ಮೊದಲೇ ಗಾಢವಾಗಿದ್ದರೆ ಪೂರ್ತಿ ಕಪ್ಪು. ಟಾಂಜನೈಟ್ ಅಂತೂ ಹಳದಿ ದೀಪದ ಕೆಳಗೆ ನೀಲಿ ಬಿಟ್ಟು ನೇರಳೆಗೇ ಹೋಗಿಬಿಡುತ್ತದೆ.

ಕೊಳ್ಳುವ ಮುಂಚೆ ಹೀಗೆ ಮಾಡಿ. ಹರಳನ್ನು ಕೇಳಿ ತೆಗೆದುಕೊಂಡು ಬಾಗಿಲ ಹತ್ತಿರ ಬನ್ನಿ. ನೇರ ಬಿಸಿಲಲ್ಲಿ ಬೇಡ, ನೆರಳಿನ ಹಗಲಲ್ಲಿ. ಎರಡು ಬೆರಳುಗಳ ನಡುವೆ, ಉಂಗುರದಲ್ಲಿ ಹೇಗೆ ಕೂರುತ್ತದೋ ಹಾಗೆ ಇಟ್ಟು, ಒಂದು ಮೊಳ ದೂರ ಹಿಡಿದು ನಿಧಾನವಾಗಿ ವಾಲಿಸಿ. ಹರಳಿನ ಎಷ್ಟು ಭಾಗ ಹೊಳೆಯುತ್ತದೆ, ಎಷ್ಟು ಭಾಗ ಕಪ್ಪಾಗಿಯೇ ಉಳಿಯುತ್ತದೆ ನೋಡಿ. ಅರ್ಧಕ್ಕಿಂತ ಜಾಸ್ತಿ ಕಪ್ಪು ಅಂದರೆ ರಾತ್ರಿಗೆ ಅದು ಗುಂಡಿಯೇ. ಆಮೇಲೆ ಹರಳನ್ನು ಅಚ್ಚಾದ ಕಾಗದದ ಮೇಲೆ ಮುಖ ಮೇಲಾಗಿ ಇಡಿ. ನಡುವೆ ಕೆಳಗಿನ ಅಕ್ಷರ ಓದಲು ಬಂತೋ, ಕಟ್ಟಿಂಗ್ ಕೆಟ್ಟದ್ದು. ತಳವನ್ನು ತೀರ ಚಪ್ಪಟೆಯಾಗಿ ಕೊಯ್ದಿದ್ದಾರೆ, ಬೆಳಕು ವಾಪಸ್ ಬರದೆ ಕಿಟಕಿಯಂತೆ ಆಚೆ ಹೋಗುತ್ತಿದೆ. ತೂಕ ಉಳಿಸಬೇಕು ಅಂತ ಇನ್ನೂ ಏನೇನೋ ಮಾಡುತ್ತಾರೆ, ಹೊಟ್ಟೆ ದಪ್ಪ ಬಿಡುತ್ತಾರೆ. ಮೇಲಿನಿಂದ ಪುಟ್ಟದಾಗಿ ಕಾಣುವ ಹರಳಿನ ಹೊಟ್ಟೆಯ ತೂಕಕ್ಕೂ ನೀವು ದುಡ್ಡು ಕೊಡುತ್ತೀರಿ.

ನನ್ನ ಮಟ್ಟಿಗೆ, ಅತಿ ಗಾಢಕ್ಕಿಂತ ಒಂದು ಹದ ತೆಳುವಾದ ನೀಲಿಯೇ ಮೇಲು. ‘ರಾಯಲ್ ಬ್ಲೂ’ ಅನ್ನುವ ಹೆಸರಿಗೆ ಮರುಳಾಗಿ ಮಸಿಯ ಬಣ್ಣ ಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ಅದೇ ದುಡ್ಡಿಗೆ, ಅದೇ 3 ಕ್ಯಾರೆಟ್ ತೂಕಕ್ಕೆ ಅಕ್ವಾಮರೀನ್ ದೊಡ್ಡದು, ನೀಲ ಚಿಕ್ಕದು. ಇದು ಹೇಗೆ?

ಕ್ಯಾರೆಟ್ ತೂಕದ ಲೆಕ್ಕ, ಗಾತ್ರದ್ದಲ್ಲ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಅಷ್ಟೇ. ನೀಲ ನೀರಿಗಿಂತ 4 ಪಟ್ಟು ಭಾರ, ಅಕ್ವಾಮರೀನ್ ಸುಮಾರು 2.7 ಪಟ್ಟು. ಹಾಗಾಗಿ 2 ಕ್ಯಾರೆಟ್ ಅಕ್ವಾಮರೀನ್ ಮತ್ತು 3 ಕ್ಯಾರೆಟ್ ನೀಲ ಹೆಚ್ಚುಕಡಿಮೆ ಒಂದೇ ಗಾತ್ರ ಕಾಣುತ್ತವೆ. ಎರಡು ಬೇರೆ ಜಾತಿಯ ಹರಳುಗಳನ್ನು ಹೋಲಿಸುವಾಗ ತೂಕ ಬಿಡಿ, ಮಿಲಿಮೀಟರ್ ಕೇಳಿ.

ದೊಡ್ಡದಾಗಿ ಕಾಣಬೇಕು, ತೆಳು ನೀಲಿ ಸಾಕು ಅನ್ನುವವರಿಗೆ ಅಕ್ವಾಮರೀನ್ ಒಳ್ಳೆಯದೇ. ಗಡಸುತನ 7.5ರಿಂದ 8, ಪಚ್ಚೆಯ ಕುಲದ್ದು, ಆದರೆ ಪಚ್ಚೆಯಷ್ಟು ಬಿರುಕಿನದ್ದಲ್ಲ. ದೊಡ್ಡ ಕಲ್ಲುಗಳೂ ಶುಭ್ರವಾಗಿ ಸಿಗುತ್ತವೆ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿರುವ ‘ಡಾಮ್ ಪೆಡ್ರೊ’ 10,363 ಕ್ಯಾರೆಟ್, ಅಂದರೆ ಎರಡು ಕಿಲೋಗೂ ಜಾಸ್ತಿ. ಸಣ್ಣ ಕಲ್ಲುಗಳಲ್ಲಿ ಮಾತ್ರ ಬಣ್ಣ ಹಿಡಿಯುವುದಿಲ್ಲ, ನೀರಿನ ಹಾಗೆ ಕಾಣುತ್ತದೆ.

ಪ್ರಶ್ನೆ: ಅಜ್ಜಿಯ ಉಂಗುರದಲ್ಲಿ ಒಂದು ನೀಲಿ ಹರಳಿದೆ. ಎಂಬತ್ತು ವರ್ಷಕ್ಕೂ ಹಳೆಯದು. ಒಳಗೆ ಒಂದು ಕಲೆಯೂ ಇಲ್ಲ, ಮೇಲೆ ಒಂದು ಗೀರೂ ಇಲ್ಲ. ಅಷ್ಟು ಹಳೆಯದಾದ ಮೇಲೆ ನಕಲಿ ಇರಲು ಸಾಧ್ಯವಿಲ್ಲ ಅಲ್ವಾ?

ಸಾಧ್ಯ ಇದೆ. ಬೇಜಾರು ಮಾಡಿಕೊಳ್ಳಬೇಡಿ, ಈ ಪ್ರಶ್ನೆ ಕೇಳಿದ ಆರು ಜನರಿಗೂ ಇದೇ ಉತ್ತರ.

ಕೃತಕ ಹರಳು ಮೊನ್ನೆ ಮೊನ್ನೆಯ ವಿಷಯವಲ್ಲ. ಆಗಸ್ಟ್ ವೆರ್ನೊಯಿ ಅನ್ನುವ ಫ್ರೆಂಚ್ ವಿಜ್ಞಾನಿ 1902ರಲ್ಲೇ ಮಾಣಿಕ್ಯ ತಯಾರಿಸುವ ವಿಧಾನ ಪ್ರಕಟಿಸಿದರು, ಹತ್ತು ವರ್ಷದೊಳಗೆ ನೀಲವೂ ಬಂತು. ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ಉರಿಯ ಮೂಲಕ ಉದುರಿಸುತ್ತಾರೆ, ಕರಗಿದ ಹನಿಗಳು ಕೆಳಗೆ ಒಂದರ ಮೇಲೊಂದು ಕೂತು ಉರುಳೆಯಾಗಿ ಬೆಳೆಯುತ್ತವೆ. ಕೆಲವೇ ಗಂಟೆಗಳ ಕೆಲಸ. ರಾಸಾಯನಿಕವಾಗಿ ಅದೂ ನೀಲವೇ, ಗಡಸುತನವೂ 9. ಅದಕ್ಕೇ ಗೀರಿಲ್ಲ. ಗೀರಿಲ್ಲ ಅನ್ನುವುದು ಹರಳು ಗಡುಸು ಅನ್ನಲು ಸಾಕ್ಷಿ, ನೆಲದಿಂದ ಬಂದದ್ದು ಅನ್ನಲು ಅಲ್ಲ.

ಒಳಗೆ ಒಂದು ಕಲೆಯೂ ಇಲ್ಲ ಅಂದಿರಲ್ಲ, ಆ ಮಾತೇ ನನಗೆ ಅನುಮಾನ ತಂದದ್ದು. ನೆಲದೊಳಗೆ ಬೆಳೆದ ನೀಲದಲ್ಲಿ ಏನಾದರೂ ಒಂದು ಇದ್ದೇ ಇರುತ್ತದೆ, ರೇಷ್ಮೆ ಎಳೆಯಂಥ ಸೂಜಿಗಳು, ಬೆರಳಚ್ಚಿನಂಥ ಗುರುತು, ಬಣ್ಣದ ಪಟ್ಟೆ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಇರುವವರ ಹತ್ತಿರ ಹೋಗಿ, ಹರಳನ್ನು ಬಿಳಿ ಕಾಗದದ ಮೇಲೆ ಹಿಡಿದು ಪಕ್ಕದಿಂದ ನೋಡಲು ಹೇಳಿ. ಬಣ್ಣದ ಪಟ್ಟೆಗಳು ನೇರವಾಗಿ, ಮೂಲೆಯಲ್ಲಿ ಕೋನ ಮಾಡಿ ತಿರುಗಿದ್ದರೆ ಸಹಜ. ಹಳೆಯ ಗ್ರಾಮಫೋನ್ ತಟ್ಟೆಯ ಗೆರೆಗಳಂತೆ ಬಾಗಿದ್ದರೆ ಉರಿಯಲ್ಲಿ ಬೆಳೆದದ್ದು. ಆ ಉರುಳೆಯ ದುಂಡಗಿನ ತಲೆಯ ಆಕಾರವೇ ಗೆರೆಯಾಗಿ ಒಳಗೆ ಉಳಿದಿರುತ್ತದೆ.

ಇನ್ನೊಂದು ಸಾಧ್ಯತೆಯೂ ಇದೆ, ಕೃತಕ ಸ್ಪಿನೆಲ್. ಸ್ಪಿನೆಲ್ ಅಂದರೆ ನೀಲವಲ್ಲದ ಬೇರೆಯೇ ಒಂದು ಖನಿಜ. ಕೋಬಾಲ್ಟ್ ಹಾಕಿ ನೀಲಿ ಮಾಡಿ, ನೀಲದ ಬದಲಿಗೆ ಹಳೆಯ ಒಡವೆಗಳಲ್ಲಿ ಧಾರಾಳವಾಗಿ ಕೂರಿಸಿದ್ದಾರೆ. ಚೆಲ್ಸಿ ಫಿಲ್ಟರ್ ಅನ್ನುವ ಪುಟ್ಟ ಬಣ್ಣದ ಗಾಜಿನ ಮೂಲಕ ನೋಡಿದರೆ ಈ ಕೋಬಾಲ್ಟ್ ನೀಲಿ ಕೆಂಪಗೆ ಉರಿದ ಹಾಗೆ ಕಾಣುತ್ತದೆ, ಸಾಮಾನ್ಯ ನೀಲ ಮಂಕಾಗಿಯೇ ಇರುತ್ತದೆ. ಹಾಗೇ ಉಂಗುರದ ಹಿಂಬದಿ ನೋಡಿ. ಪೂರ್ತಿ ಮುಚ್ಚಿದ್ದರೆ ಹರಳಿನ ಕೆಳಗೆ ಬಣ್ಣದ ಹಾಳೆ ಇಟ್ಟಿರಬಹುದು, ತೆಳು ಹರಳನ್ನೂ ಗಾಢವಾಗಿ ತೋರಿಸುವ ಹಳೆಯ ಉಪಾಯ ಅದು. ಹಾಗಿದ್ದರೆ ನೀರಿಗೆ ಹಾಕಬೇಡಿ, ಹಾಳೆ ನೆನೆದರೆ ಬಣ್ಣ ಹೋಯಿತು ಅಂತಲೇ ಲೆಕ್ಕ.

ಉಂಗುರ ಏನೇ ಇರಲಿ, ಹರಳು ಬಿಚ್ಚಿಸಿ ಬೇರೆ ಹಾಕಿಸುವ ಅವಸರ ಮಾಡಬೇಡಿ.

ಪ್ರಶ್ನೆ: ನೀವು ಹಿಂದೊಮ್ಮೆ ನೀಲಿ ಜಿರ್ಕಾನ್ ಹೊಗಳಿದ್ದೀರಿ. ಅದು ಅಮೆರಿಕನ್ ಡೈಮಂಡ್ ಅಲ್ಲವೇ? ಓದುಗರಿಗೆ ಗಾಜು ಮಾರುವ ಕೆಲಸ ಯಾಕೆ?

ಕೋಪ ಇಳಿಸಿ, ಸ್ವಾಮಿ. ಅಮೆರಿಕನ್ ಡೈಮಂಡ್ ಅಂತ ಕರೆಯುವುದು ಕ್ಯೂಬಿಕ್ ಜಿರ್ಕೋನಿಯಾ, 1970ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಕೃತಕ ವಸ್ತು. (ಅದೂ ಗಾಜಲ್ಲ, ಇರಲಿ.) ಜಿರ್ಕಾನ್ ಬೇರೆ. ಅದು ನೆಲದಿಂದ ಬರುವ ಖನಿಜ. ಭೂಮಿಯ ಮೇಲೆ ಇದುವರೆಗೆ ಸಿಕ್ಕಿರುವ ಅತಿ ಹಳೆಯ ಖನಿಜದ ಚೂರೂ ಒಂದು ಜಿರ್ಕಾನೇ, ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನದು, ಸುಮಾರು 440 ಕೋಟಿ ವರ್ಷದ್ದು. ಹೆಸರು ಹತ್ತಿರ ಇದ್ದ ತಪ್ಪಿಗೆ ಪಾಪ ಅದಕ್ಕೆ ಈ ಅವಮಾನ.

ನೀಲಿ ಜಿರ್ಕಾನ್ ಹೆಚ್ಚಾಗಿ ಕಾಂಬೋಡಿಯಾದ ರತನಕಿರಿಯಿಂದ ಬರುತ್ತದೆ. ಕಂದು ಕಲ್ಲನ್ನು ಕಾಯಿಸಿದರೆ ನೀಲಿ. ಹೊಳಪು ಮಾತ್ರ ಬೇರೆ ಯಾವ ನೀಲಿ ಹರಳಿಗೂ ಸುಲಭಕ್ಕೆ ಬರುವಂಥದ್ದಲ್ಲ, ವಜ್ರದ ಹತ್ತಿರ ಹತ್ತಿರ, ಒಳಗಿನಿಂದ ಬಣ್ಣದ ಕಿಡಿ ಹಾರುತ್ತದೆ. ಲೂಪ್ ಇಟ್ಟು ಮೇಲಿನಿಂದ ನೋಡಿ, ತಳದ ಅಂಚುಗಳೆಲ್ಲ ಎರಡೆರಡಾಗಿ ಕಾಣುತ್ತವೆ, ಕಣ್ಣು ಮಂಜಾದ ಹಾಗೆ. ಕ್ಯೂಬಿಕ್ ಜಿರ್ಕೋನಿಯಾದಲ್ಲಿ ಹಾಗೆ ಕಾಣುವುದಿಲ್ಲ. ಇನ್ನು ಅನುಮಾನ ಯಾಕೆ?

ಅದರ ದೋಷವನ್ನೂ ಹೇಳುತ್ತೇನೆ. ಅಂಚುಗಳು ಬಹಳ ನಾಜೂಕು. ನಾಲ್ಕೈದು ಜಿರ್ಕಾನುಗಳನ್ನು ಒಂದೇ ಪೊಟ್ಟಣದಲ್ಲಿ ಸುತ್ತಿಟ್ಟರೆ ಒಂದಕ್ಕೊಂದು ಉಜ್ಜಿಕೊಂಡೇ ಅಂಚು ಸವೆಯುತ್ತದೆ. ಹಾಗಾಗಿ ಓಲೆ, ಪದಕ. ದಿನದ ಉಂಗುರಕ್ಕೆ ಅಲ್ಲ.

ಪ್ರಶ್ನೆ: ನೀಲ ಕೊಳ್ಳುವ ಶಕ್ತಿ ಇಲ್ಲ, ಬೇರೆ ಯಾವುದೂ ಉಂಗುರಕ್ಕೆ ಆಗುವುದಿಲ್ಲ ಅನ್ನುತ್ತಾರೆ. ಹಾಗಾದರೆ ನಾವೇನು ಮಾಡಬೇಕು?

ಸ್ಪಿನೆಲ್ ಕೇಳಿ. ಮೇಲೆ ಕೃತಕ ಸ್ಪಿನೆಲ್ಲನ್ನು ಬೈದಿದ್ದೇನೆ, ಇದು ನೆಲದ್ದು. ಗಡಸುತನ 8, ಟೋಪಾಜಿನಂತೆ ಸುಲಭವಾಗಿ ಸೀಳುವ ದಿಕ್ಕಿಲ್ಲ, ಹೆಚ್ಚಿನವನ್ನು ಕಾಯಿಸಿಯೂ ಇರುವುದಿಲ್ಲ. ಯಾವ ಕಡೆಯಿಂದ ನೋಡಿದರೂ ಒಂದೇ ಬಣ್ಣ. ವಿಯೆಟ್ನಾಮಿನ ಲುಕ್ ಯೆನ್ ಕಡೆಯ ಕೋಬಾಲ್ಟ್ ಸ್ಪಿನೆಲ್ ಉರಿಯುವ ನೀಲಿ, ಆದರೆ ಅದು ನೀಲಕ್ಕಿಂತ ದುಬಾರಿಯಾದರೂ ಆಶ್ಚರ್ಯವಿಲ್ಲ. ನೀವು ನೋಡಬೇಕಾದದ್ದು ಸ್ವಲ್ಪ ಬೂದು ಬೆರೆತ, ಮಳೆ ಬರುವ ಮುಂಚಿನ ಮೋಡದ ಬಣ್ಣದ್ದು. ಎಲ್ಲರೂ ಅದಕ್ಕೆ ಮೂಗು ಮುರಿಯುತ್ತಾರೆ. ನನಗೆ ಅದೇ ಇಷ್ಟ. ಬೆಳ್ಳಿಯಲ್ಲಿ, ಬಿಳಿ ಚಿನ್ನದಲ್ಲಿ ಕೂರಿಸಿ ನೋಡಿ.

ಅಯೊಲೈಟ್ ಅಂತ ಇನ್ನೊಂದಿದೆ, ಗಡಸುತನ 7ರಿಂದ 7.5. ಒಂದು ಕಡೆಯಿಂದ ನೇರಳೆ ನೀಲಿ, ಕಾಲು ಸುತ್ತು ತಿರುಗಿಸಿದರೆ ತೆಳು ಹಳದಿ, ಬಣ್ಣವೇ ಇಲ್ಲದ ಹಾಗೆ. ಕೊಯ್ಯುವವರು ದಿಕ್ಕು ತಪ್ಪಿದರೆ ಹರಳು ಸತ್ತ ಹಾಗೆ. ಎಲ್ಲ ಕಡೆ ತಿರುಗಿಸಿ ನೋಡದೆ ಕೊಳ್ಳಬೇಡಿ. ಕಯನೈಟನ್ನು ಅಗ್ಗ ಅಂತ ಉಂಗುರಕ್ಕೆ ತರಬೇಡಿ. ಉದ್ದಕ್ಕೆ ಗೀರಿದರೆ 4.5, ಅಡ್ಡಕ್ಕೆ ಗೀರಿದರೆ 7ರ ಹತ್ತಿರ, ಒಂದೇ ಕಲ್ಲಿಗೆ ಎರಡು ಬುದ್ಧಿ.

ಪ್ರಶ್ನೆ: ಟಾಂಜನೈಟ್ ಗಣಿ ಸದ್ಯದಲ್ಲೇ ಖಾಲಿಯಾಗುತ್ತದೆ, ಈಗಲೇ ಕೊಂಡರೆ ಮುಂದೆ ಲಾಭ ಅಂತ ಹೇಳುತ್ತಿದ್ದಾರೆ. ನಿಜವೇ?

ಟಾಂಜನೈಟ್ ಸಿಗುವುದು ಒಂದೇ ಜಾಗದಲ್ಲಿ ಅನ್ನುವುದು ನಿಜ, ತಾಂಜಾನಿಯಾದ ಮೆರೆಲಾನಿ ಬೆಟ್ಟ, ಕಿಲಿಮಂಜಾರೋ ಹತ್ತಿರ. 1967ರಲ್ಲಿ ಸಿಕ್ಕಿತು, ಮರುವರ್ಷ ಟಿಫನಿ ಅನ್ನುವ ಅಮೆರಿಕದ ಒಡವೆ ಕಂಪನಿ ಆ ಹೆಸರಿಟ್ಟು ಮಾರಲು ಶುರು ಮಾಡಿತು. ಖಾಲಿಯಾಗುತ್ತದೆ ಅನ್ನುವ ಮಾತನ್ನು ಮಾತ್ರ ನಾನು ಕೆಲಸ ಕಲಿಯುವ ದಿನಗಳಿಂದ ಕೇಳುತ್ತಿದ್ದೇನೆ. 2020ರಲ್ಲಿ ಸಾನಿನಿಯು ಲೈಜರ್ ಅನ್ನುವ ಗಣಿಗಾರರಿಗೆ ಅಲ್ಲಿ 9 ಕಿಲೋ ಮೀರಿದ ಒಂದು, 5 ಕಿಲೋ ಮೀರಿದ ಇನ್ನೊಂದು ಕಲ್ಲು ಸಿಕ್ಕಿ ಸುದ್ದಿಯಾಯಿತು. ಇಷ್ಟವಾದರೆ ಹಾಕಿಕೊಳ್ಳಲು ಕೊಳ್ಳಿ. ಲಾಭಕ್ಕೆ ಬೇಡ. ಕೊಂಡ ಮರುದಿನವೇ ಅದೇ ಅಂಗಡಿಗೆ ಹೋಗಿ ವಾಪಸ್ ಎಷ್ಟಕ್ಕೆ ತೆಗೆದುಕೊಳ್ಳುತ್ತೀರಿ ಅಂತ ಕೇಳಿ ನೋಡಿ, ಲಾಭದ ಮಾತು ತಾನಾಗಿ ನಿಲ್ಲುತ್ತದೆ.

ಪ್ರಶ್ನೆ: ‘ಕಾಶ್ಮೀರ ನೀಲಿ’ ಅಂತ ಹೇಳಿ ಜಾಸ್ತಿ ಬೆಲೆ ಕೇಳುತ್ತಿದ್ದಾರೆ.

ಬಣ್ಣವನ್ನು ಹೇಳುತ್ತಿದ್ದಾರೋ ಊರನ್ನು ಹೇಳುತ್ತಿದ್ದಾರೋ ಕೇಳಿ. ಕಾಶ್ಮೀರದ ಪಾಡರ್ ಕಣಿವೆಯ ಮೇಲೆ, ಸುಮಾರು 4500 ಮೀಟರ್ ಎತ್ತರದಲ್ಲಿ, 1880ರ ದಶಕದ ಶುರುವಿನಲ್ಲಿ ಗುಡ್ಡ ಕುಸಿದು ನೀಲ ಹೊರಬಂತು. ಒಳ್ಳೆಯ ಮಾಲು ಸಿಕ್ಕಿದ್ದು 1887ರವರೆಗೆ, ಅಷ್ಟೇ. ಆ ಹರಳುಗಳೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿದ್ದು ಬೆಳಕನ್ನು ಚದುರಿಸುತ್ತವೆ, ಅದರಿಂದ ಮಖಮಲ್ಲಿನ ಮೇಲೆ ಕೈಯಾಡಿಸಿದಂಥ ಒಂದು ಮೆತ್ತನೆಯ ನೀಲಿ. ಈಗ ‘ಕಾಶ್ಮೀರ’ ಅನ್ನುವುದು ಬಣ್ಣದ ಹೆಸರೂ ಆಗಿಹೋಗಿದೆ, ಮಡಗಾಸ್ಕರಿನ ಹರಳಿಗೂ ಹಾಗೆನ್ನುತ್ತಾರೆ. ಊರಿನ ಹೆಸರಿಗೆ ದುಡ್ಡು ಕೊಡುವುದಾದರೆ ದೊಡ್ಡ ಪ್ರಯೋಗಾಲಯವೊಂದು ಊರನ್ನು ಬರೆದುಕೊಟ್ಟ ವರದಿ ಬೇಕು. ಅದೂ ತಜ್ಞರ ಅಭಿಪ್ರಾಯವೇ, ಜನ್ಮಪತ್ರ ಅಲ್ಲ.

ಪ್ರಶ್ನೆ: ಲ್ಯಾಪಿಸ್ (ಬೆಳಕು ಹಾಯದ ಗಾಢ ನೀಲಿ ಕಲ್ಲು) ಪದಕದ ಮೇಲೆ ಸೆಂಟ್ ಬಿದ್ದು ಹತ್ತಿಗೆ ನೀಲಿ ಬಣ್ಣ ಹತ್ತಿತು.

ಹಾಗಾದರೆ ಬಣ್ಣ ಹಾಕಿದ್ದಾರೆ. ಅಫ್ಘಾನಿಸ್ತಾನದ ಬದಖ್ಶಾನಿನಲ್ಲಿ ಸಾವಿರಾರು ವರ್ಷಗಳಿಂದ ಅಗೆಯುತ್ತಿರುವ ಒಳ್ಳೆಯ ಲ್ಯಾಪಿಸ್ಸಿಗೆ ಬಣ್ಣ ಬೇಕಿಲ್ಲ. ಬಿಳಿ ಕಲೆ ಜಾಸ್ತಿ ಇರುವ ಅಗ್ಗದ ಕಲ್ಲನ್ನು ಅದ್ದುತ್ತಾರೆ. ಕೊಳ್ಳುವಾಗ ಹಿಂಬದಿಯಲ್ಲಿ, ಕಾಣದ ಜಾಗದಲ್ಲಿ, ಉಗುರಿನ ಬಣ್ಣ ತೆಗೆಯುವ ದ್ರವವನ್ನು ಹತ್ತಿಯ ತುದಿಯಲ್ಲಿ ಒಂದು ಹನಿ ಒತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತು, ಆದರೆ ಅಂಗಡಿಯವರನ್ನು ಕೇಳಿಯೇ ಮಾಡಬೇಕು. ಲ್ಯಾಪಿಸ್ ಮತ್ತು ಟರ್ಕಾಯಿಸ್ ಎರಡೂ 5-6ರ ಮೆತ್ತಗಿನ ಕಲ್ಲು, ಸೆಂಟು, ಎಣ್ಣೆ, ಸೋಪು ಯಾವುದೂ ಆಗದು. ಸೆಂಟು ಹಾಕಿ ಒಣಗಿದ ಮೇಲೆ ಕೊನೆಯಲ್ಲಿ ಹಾಕಿಕೊಳ್ಳಿ, ಮನೆಗೆ ಬಂದ ಕೂಡಲೇ ಮೊದಲು ತೆಗೆಯಿರಿ.

ಪ್ರಶ್ನೆ: ಫೋಟೊ ಕಳಿಸಿದ್ದೇನೆ. ಇದು ಯಾವ ಹರಳು?

ನೀಲಿ ಹರಳು. ಫೋಟೊ ನೋಡಿ ಇದಕ್ಕಿಂತ ಜಾಸ್ತಿ ಹೇಳುವವರನ್ನು ನಂಬಬೇಡಿ. ಹರಳನ್ನು ಕೈಗೆ ಕೊಟ್ಟರೆ ನಾನೇ ಲೂಪ್ ಹುಡುಕಿ, ಒರೆಸಿ, ಕಿಟಕಿ ಹತ್ತಿರ ಹೋಗಿ, ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಲ್ಯಾಬಿಗೆ ಕಳಿಸಿ ಅನ್ನುವುದೇ ಹೆಚ್ಚು. ನಿಮ್ಮ ಫೋಟೊದಲ್ಲಿ ಒಂದು ಮಾತ್ರ ಸ್ಪಷ್ಟವಾಗಿ ಕಾಣುತ್ತಿದೆ, ಎಡಗಡೆಯ ಕೊಕ್ಕೆ ಎದ್ದಿದೆ. ಹರಳು ಯಾವುದು ಅಂತ ಆಮೇಲೆ ನೋಡೋಣ, ನಾಳೆಯೇ ಹೋಗಿ ಅದನ್ನು ಒತ್ತಿಸಿಕೊಂಡು ಬನ್ನಿ.